ಹಕ್ಕಿ ಗೂಟ

ಹೋದ ವಾರ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹೊಸದಾಗಿ ತೆರೆದ ಅಂಗಡಿಗೆ ಹೋಗಿದ್ದೆ. ನಮ್ಮ ಸಾಮಾನು ನಾವೇ ಆರಿಸಿಕೊಂಡು, ಗಾಡಿ ನಾವೇ ತಳ್ಳಿಕೊಂಡು, ಆಮೇಲೆ ದುಡ್ಡೂ ನಾವೇ ಕೊಡಬೇಕಾದ ಅಂಗಡಿ ಅದು. ಖಾರದ ಪುಡಿಯ ಪೊಟ್ಟಣವೊಂದನ್ನು ಎತ್ತಿಕೊಂಡವಳು ಅಲ್ಲೇ ನಿಂತುಬಿಟ್ಟೆ. ಪೊಟ್ಟಣದ ಮೇಲೆ ಇಂಗ್ಲಿಷಿನ ಟಿ ಅಕ್ಷರದಂಥ ಗೂಟ. ಗೂಟದ ಮೇಲೆ ಕವಲುಬಾಲದ ಕಾಜಾಣ. ಅದರ ಹಿಂದೆ ದಟ್ಟ ಹಸಿರು. ಕೆಳಗೆ ಚೆಂದದ ಅಕ್ಷರಗಳಲ್ಲಿ, ‘ಪ್ರಕೃತಿಯೊಂದಿಗೆ ಕೈಜೋಡಿಸಿ ಬೆಳೆದದ್ದು’ ಅಂತ ಬರೆದಿತ್ತು. ಪಕ್ಕದ ಪೊಟ್ಟಣಕ್ಕಿಂತ ಬೆಲೆ ಜಾಸ್ತಿ, ಕೈಜೋಡಿಸಿದ ಕೂಲಿ ಇರಬೇಕು.

ಪೊಟ್ಟಣದ ಅಂಚಿನಿಂದ ಸ್ವಲ್ಪ ಪುಡಿ ಸೋರಿತ್ತು. ಮೂಗಿಗೆ ಹಿಡಿದೆ, ಜೋರಾಗಿ ಸೀನಿದೆ. ಆ ಸೀನಿನ ಜೊತೆಗೆ ಕುರುಗೋಡಿನ ಆ ಒಂದು ಹಂಗಾಮು ಪೂರ್ತಿ ತಲೆಗೆ ಬಂತು. ಆ ಗೂಟ ನನಗೆ ಗೊತ್ತು. ಅದು ನಿಂತ ಜಾಗವೂ ಗೊತ್ತು. ಚಿತ್ರದಲ್ಲಿರುವ ಹಸಿರು ಮೆಣಸಿನ ಗಿಡದ್ದಲ್ಲ ಅನ್ನುವುದಂತೂ ಚೆನ್ನಾಗಿಯೇ ಗೊತ್ತು.

ಮೊದಲು ನನ್ನ ಸ್ವಭಾವ ಹೇಳಿಬಿಡಬೇಕು. ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ನಮ್ಮಪ್ಪನಿಗೆ ಕೌಲ್ ಬಜಾರಿನಲ್ಲಿ ತಕ್ಕಡಿ ರಿಪೇರಿಯ ಅಂಗಡಿ ಇತ್ತು. ತಟ್ಟೆ ತಕ್ಕಡಿಯಿಂದ ಹಿಡಿದು ಬ್ಯಾಟರಿ ತಕ್ಕಡಿಯವರೆಗೆ ಎಲ್ಲವೂ ಅವನ ಕೈಗೆ ಬರುತ್ತಿದ್ದವು. ಜನ ಎಷ್ಟು ಬಗೆಯಲ್ಲಿ ತೂಕ ಹೊಡೆಯುತ್ತಾರೆ ಅನ್ನುವುದನ್ನು ಊಟದ ಹೊತ್ತಿನಲ್ಲಿ ಕಥೆಯ ಹಾಗೆ ಹೇಳುತ್ತಿದ್ದ. “ರಿಪೇರಿಗೆ ತಂದವರು ಒಳ್ಳೆಯವರವ್ವ. ಎಷ್ಟು ವರ್ಷ ಆದ್ರೂ ತರಲಾರದವರನ್ನ ನೋಡ್ಕೊ,” ಅನ್ನುತ್ತಿದ್ದ. ಬೇರೆ ಮಕ್ಕಳು ಅಜ್ಜಿಯಿಂದ ರಾಜಕುಮಾರಿಯ ಕಥೆ ಕೇಳುವ ವಯಸ್ಸಿನಲ್ಲಿ ನಾನು ತಟ್ಟೆಯ ತಳಕ್ಕೆ ಮೇಣ ಮೆತ್ತಿದವರ ಕಥೆ ಕೇಳಿ ಬೆಳೆದೆ.

ಅಂಥವಳು ಕೃಷಿ ಓದಿ, ಮೆಣಸಿನಕಾಯಿ ಕೊಳ್ಳುವ ಒಂದು ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಆದೆ. ಹೊರದೇಶಕ್ಕೆ ಕಳಿಸಿದ ಮೆಣಸಿನಕಾಯಿಯಲ್ಲಿ ಔಷಧಿಯ ಅಂಶ ಜಾಸ್ತಿ ಇದೆ ಅಂತ ಸರಕು ವಾಪಸ್ಸು ಬಂದಿತ್ತಂತೆ. ಅಂದಿನಿಂದ ಕಂಪನಿಗೆ ಒಮ್ಮೆಲೇ ಪರಿಸರದ ಮೇಲೆ ಪ್ರೀತಿ ಉಕ್ಕಿತ್ತು. ಔಷಧಿ ಕಡಿಮೆ ಹೊಡೆಯಬೇಕು, ಹುಳ ತಿನ್ನುವ ಹಕ್ಕಿಗಳನ್ನು ಹೊಲಕ್ಕೆ ಕರೆಯಬೇಕು, ಅವು ಕೂತುಕೊಳ್ಳಲು ಹೊಲದ ನಡುವೆ ಗೂಟ ನೆಡಬೇಕು, ಇದಿಷ್ಟು ಯೋಜನೆ. ತರಬೇತಿ ಕೊಟ್ಟವರು ಪರದೆಯ ಮೇಲೆ ಕಾಜಾಣದ ಚಿತ್ರ ತೋರಿಸಿ, “ಇದು ಸಂಬಳ ಕೇಳದ ಕೂಲಿ,” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವನು ಕನ್ನಡಕ ಹಣೆಗೇರಿಸಿ, “ಸಂಬಳ ಕೇಳದ ಕೂಲಿ ಹುಡುಕೋ ಕಂಪನಿ, ಸಂಬಳ ಕೇಳೋ ನಿನ್ನ ಎಷ್ಟು ದಿನ ಇಟ್ಕೊಂತೈತಿ?” ಅಂದ.

ಆ ತರಬೇತಿಯ ಒಂದು ಪಾಲು ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಆಗಿತ್ತು. ‘ಪರಿಸರದ ಜೊತೆ ವ್ಯವಹಾರ’ ಹೇಗೆ ಮಾಡುತ್ತಾರೆ ಅಂತ ನಮಗೆ ತೋರಿಸಲು ಕರೆದುಕೊಂಡು ಹೋಗಿದ್ದರು. ಮಿಲ್ಲಿನ ಯಜಮಾನ ಒಳ್ಳೆಯ ಮಾತುಗಾರ. ಮೊದಲು ಭತ್ತದ ಹೊಟ್ಟಿನ ಬೂದಿ ಊರ ತುಂಬ ಹಾರುತ್ತಿತ್ತು, ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯೆಲ್ಲ ಕಪ್ಪಾಗಿ ಹೆಂಗಸರು ಬಂದು ಬೈಯುತ್ತಿದ್ದರು ಅಂತ ನಗುತ್ತ ಹೇಳಿದ. ಈಗ ಆ ಬೂದಿಯನ್ನು ಇಟ್ಟಿಗೆ ಮಾಡುವವರು ಕೊಳ್ಳುತ್ತಾರೆ. ಹಾಗಾಗಿ ಒಂದು ಚಿಟಿಕೆಯೂ ಹಾರದಂತೆ ಚೀಲಕ್ಕೆ ತುಂಬಿಸುತ್ತಿದ್ದ. “ಪರಿಸರ ಅಂದ್ರ ಇಷ್ಟ ನೋಡ್ರಿ ಮೇಡಂ. ಚೆಲ್ಲೋ ವಸ್ತು ಯಾವಾಗ ಮಾರಾಕ ಬರ್ತೈತಿ, ಆವಾಗ ಅದು ಪರಿಸರ,” ಅಂದ. ಆ ಮನುಷ್ಯನ ಮೇಲೆ ನನಗೆ ಅನುಮಾನ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದ. ಅನುಮಾನ ಬಂದದ್ದು ನಮ್ಮ ಕಂಪನಿಯ ಮೇಲೆಯೇ. ಇವರು ಹಕ್ಕಿಯಲ್ಲಿ ಏನನ್ನು ಮಾರಲು ಹೊರಟಿದ್ದಾರೆ ಅಂತ ಸಿರುಗುಪ್ಪದಿಂದ ವಾಪಸ್ಸು ಬರುವ ಬಸ್ಸಿನಲ್ಲಿ ಯೋಚಿಸುತ್ತ ಕೂತಿದ್ದೆ.

ಕೆಲಸಕ್ಕೆಂದು ಕುರುಗೋಡಿಗೆ ಹೋದಾಗ ಉತ್ತರಿ ಮಳೆ ಹಿಡಿದಿತ್ತು. ಎರೆ ಹೊಲದ ಕೆಸರು ಚಪ್ಪಲಿಯನ್ನು ಹಿಡಿದರೆ ಬಿಡುವುದಿಲ್ಲ. ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಹೊತ್ತುಕೊಂಡು ನಡೆಯಬೇಕು. ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆ ನಮ್ಮ ಆಫೀಸು. ಅಲ್ಲಿ ನನ್ನ ಮೇಲಿನ ಮ್ಯಾನೇಜರು ರಮಣಯ್ಯ. ಆಂಧ್ರದ ಆದೋನಿ ಕಡೆಯವರು, ಸದಾ ನಗುಮುಖ, ಇಸ್ತ್ರಿ ಮುರಿಯದ ಅಂಗಿ. ತೆಲುಗನ್ನು ಕನ್ನಡದ ಬಾಲ ಹಚ್ಚಿ ಮಾತಾಡಿ, ಅದನ್ನೇ ಕನ್ನಡ ಅಂದುಕೊಂಡಿದ್ದರು. ನಮ್ಮ ಕಡೆ ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ನಾವೂ ಹಾಗೆಯೇ ಮಾತಾಡುತ್ತೇವೆ, ದಿಕ್ಕು ಮಾತ್ರ ಉಲ್ಟಾ.

ಗೂಟಗಳು ಲಾರಿಯಲ್ಲಿ ಬಂದವು. ಬಿದಿರಿನ ಗೂಟಕ್ಕೆ ಕೆಂಪು ಬಿಳಿ ಪಟ್ಟೆ ಬಳಿದಿದ್ದರು. ಪ್ರತಿ ಗೂಟಕ್ಕೂ ಒಂದು ನಂಬರು. ಯಾವ ನಂಬರು ಯಾವ ರೈತರ ಯಾವ ಹೊಲಕ್ಕೆ ಅಂತ ಮೊದಲೇ ಮೊಬೈಲಿಗೆ ಸೇರಿಸಿ ಕಳಿಸಿದ್ದರು. ಗೂಟ ನೆಟ್ಟ ಮೇಲೆ ನಾನು ಅದರ ಮುಂದೆ ನಿಂತು ಮೊಬೈಲು ಒತ್ತಬೇಕು, ಆಗ ಆ ಜಾಗ ಕಂಪನಿಯ ನಕ್ಷೆಯಲ್ಲಿ ಕೂತುಕೊಳ್ಳುತ್ತದೆ.

“ಸಾರ್, ಹಕ್ಕಿಗೆ ಬಣ್ಣ ಯಾಕೆ?” ಅಂತ ಕೇಳಿದೆ.

“ಹಕ್ಕಿಗಲ್ಲಮ್ಮಾ, ಬೈಯರ್‌ಗೆ. ದೂರದಿಂದ ಫೋಟೋದಲ್ಲಿ ಎದ್ದು ಕಾಣಿಸಬೇಕು ಕದಾ,” ಅಂದರು ರಮಣಯ್ಯ.

ಬಳ್ಳಾರಿ ಸೀಮೆಯಲ್ಲಿ ಹೊಲದ ನಡುವೆ ಕೆಂಪು ಬಿಳಿ ಪಟ್ಟೆಯ, ನಂಬರು ಬರೆದ ಗೂಟ ನಿಂತರೆ ಅದಕ್ಕೆ ಒಂದೇ ಅರ್ಥ. ಹೊಲ ಅಳೆಯುತ್ತಿದ್ದಾರೆ, ಯಾವುದೋ ಕಾರ್ಖಾನೆ ಬರುತ್ತಿದೆ ಅಂತ. ಆ ಬಣ್ಣ ಆರಿಸಿದವರು ಯಾವುದೋ ಊರಿನ ತಣ್ಣನೆಯ ಕೋಣೆಯಲ್ಲಿ ಕೂತು ಆರಿಸಿರಬೇಕು. ಗೂಟ ಅನ್ನುವ ಮಾತೇ ನಮ್ಮಲ್ಲಿ ಸರಿಯಿಲ್ಲ. ‘ಗೂಟ ಇಟ್ಟರು’ ಅಂದರೆ ಟೋಪಿ ಹಾಕಿದರು ಅಂತ. ನಾನು ಮೊದಲನೆಯ ದಿನ ಕಟ್ಟೆಯ ಮೇಲೆ ಕೂತವರಿಗೆ, “ನಿಮ್ಮ ಹೊಲಕ್ಕೆ ಗೂಟ ಇಡಲು ಬಂದಿದ್ದೇನೆ,” ಅಂದುಬಿಟ್ಟೆ. ಅವರು ನಕ್ಕ ನಗು ಊರ ಗುಡ್ಡದವರೆಗೆ ಕೇಳಿಸಿರಬೇಕು. ಅವತ್ತಿನಿಂದ ನನ್ನ ಹೆಸರು ಗೂಟದ ಮೇಡಂ.

ನಗದೆ ಇದ್ದವಳು ನೀಲಮ್ಮ ಒಬ್ಬಳೇ. ನಲವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ನಡೆದರೆ ಜೊತೆಯಲ್ಲಿದ್ದವರು ಓಡಬೇಕು. ಗಂಡ ಲಾರಿ ಓಡಿಸುತ್ತಿದ್ದ, ಹಾಗಾಗಿ ಬೇಸಾಯವೆಲ್ಲ ಅವಳದೇ. ಬಳ್ಳಾರಿ ರಸ್ತೆಗೆ ತಾಗಿಕೊಂಡ ಅವಳ ಮೆಣಸಿನ ಹೊಲಕ್ಕೆ ಊರವರು ರಸ್ತೆ ಹೊಲ ಅನ್ನುತ್ತಿದ್ದರು. ಒಳ್ಳೆಯ ಎರೆ, ಕಾಲುವೆಯ ನೀರು, ಮೇಲೆ ರಸ್ತೆಯ ಮುಖ. ಅಂಥ ಹೊಲದ ಮೇಲೆ ಕಣ್ಣು ಹಾಕದವರಾರು?

“ಬಾರವ್ವ ಇಲ್ಲಿ,” ಅಂತ ನನ್ನನ್ನು ಕಾಲುವೆಯ ಆಚೆ ಕರೆದುಕೊಂಡು ಹೋದಳು. ಅಲ್ಲಿ ಅರ್ಧ ಬಿದ್ದ ಕಾಂಪೌಂಡು ಗೋಡೆ, ಒಳಗೆಲ್ಲ ಜಾಲಿ. ಲೋಕವೆಲ್ಲ ಬಳ್ಳಾರಿ ಜಾಲಿ ಅಂತ ಕರೆಯುವ ಗಿಡ. ನಮ್ಮೂರಿನ ಹೆಸರು ಹೊತ್ತು ಇಷ್ಟು ದೂರ ಹೋದದ್ದು ಇನ್ನೊಂದಿಲ್ಲ. “ಇದು ನಮ್ಮ ಭಾವನ ಹೊಲ ಆಗಿತ್ತು. ಜೋಳ ಎದಿಮಟ ಬೆಳೆದಿತ್ತು. ಒಂದಿನ ಮುಂಜಾನೆ ನೋಡಿದ್ರ ನಡುವ ಗೂಟ. ಯಾರೋ ಮಳಿ ಅಳಿಯಾಕ ಹುಗಿದಾರ ಅಂದ್ವಿ. ಮೊದಲ ಗೂಟ, ಆಮ್ಯಾಲೆ ನೋಟೀಸು, ಆಮ್ಯಾಲೆ ಗ್ವಾಡಿ. ಕಾರ್ಖಾನಿ ಬರಲಿಲ್ಲ, ಹೊಲಾನೂ ತಿರುಗಿ ಬರಲಿಲ್ಲ. ಈಗ ನೀನು ಹಕ್ಕಿ ಕಥಿ ಹೇಳಾಕ ಬಂದಿ.”

“ಇದು ಬರೀ ಹಕ್ಕಿ ಗೂಟ ಅಮ್ಮ, ಸರ್ವೆ ಗೂಟ ಅಲ್ಲ,” ಅಂದೆ.

“ಹಕ್ಕಿ ಮ್ಯಾಲೆ ನನಗೇನೂ ಅನುಮಾನ ಇಲ್ಲ. ಹಕ್ಕಿಗೆ ಕುರ್ಚಿ ಹಾಕಾಕ ಬಂದವರ ಮ್ಯಾಲೆ ಐತಿ. ಹಕ್ಕಿ ಕುಂದ್ರಬೇಕು ಅಷ್ಟ ಅಲ್ಲೇನು? ಜಾಲಿ ಕಟಿಗಿ ಕಡದು ನಾನ ಹುಗಿತೀನಿ. ನಿಮ್ಮ ನಂಬರ್ ಯಾಕ ಬೇಕು? ಹಕ್ಕಿ ಸಾಲಿಗೆ ಹೋಗೈತೇನು, ನಂಬರ್ ಓದಾಕ?”

ಇದೇ ಪ್ರಶ್ನೆಯನ್ನು ಮ್ಯಾನೇಜರಿಗೆ ಒಯ್ದೆ. ನಂಬರಿಲ್ಲದ ಗೂಟ ಕಂಪನಿಯ ಲೆಕ್ಕಕ್ಕೆ ಗೂಟವೇ ಅಲ್ಲ ಅಂದರು. ಅದರ ಮೇಲೆ ಎಷ್ಟು ಹಕ್ಕಿ ಕೂತರೂ ಅವು ಹಕ್ಕಿಗಳಲ್ಲವಂತೆ. ಆಗ ನಕ್ಕುಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಅಪ್ಪನ ತಕ್ಕಡಿಗಳು ನೆನಪಾದವು. ನೀಲಮ್ಮ ಕೇಳಿದ್ದು ತಕ್ಕಡಿಯ ತಟ್ಟೆಯನ್ನು ಮಗುಚಿ ನೋಡುವಂಥ ಪ್ರಶ್ನೆ.

ಊರವರು ಒಪ್ಪದಿದ್ದಾಗ ರಮಣಯ್ಯನವರೇ ಬಂದರು. ಕಾಲುವೆಯ ಪಕ್ಕದ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ಪ್ರಕೃತಿ ನಮ್ಮ ಪಾರ್ಟ್ನರು, ಹಕ್ಕಿ ನಮ್ಮ ಪಾರ್ಟ್ನರು, ನೀವೂ ನಮ್ಮ ಪಾರ್ಟ್ನರು ಅಂದರು. ಔಷಧಿಯ ಖರ್ಚು ಉಳಿಯುತ್ತದೆ, ಮೆಣಸಿನಕಾಯಿಗೆ ಪೇಟೆಗಿಂತ ಒಳ್ಳೆಯ ರೇಟು ಸಿಗುತ್ತದೆ ಅಂದರು. ಜನ ತಲೆದೂಗಿದರು. ಆಗ ನೀಲಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

“ಸಾಹೇಬ್ರ, ಒಂದ ಮಾತು. ಈ ಗೂಟ ಹುಗಿದ್ರ ನಮ್ಮ ಹೊಲ ಹೋಗ್ತಾವೇನ್ರಿ?”

ರಮಣಯ್ಯ ಅಷ್ಟೊತ್ತಿಗೆ ಮೊಬೈಲು ನೋಡುತ್ತಿದ್ದರು. ತಲೆ ಎತ್ತಿ, ನಕ್ಕು, “ಅಯ್ಯೋ, ತೊಂದರ ಇಲ್ಲಮ್ಮಾ. ಅಸಲು ತೊಂದರ ಇಲ್ಲ,” ಅಂದರು.

ಎಲ್ಲರ ಮುಖ ಸಡಿಲಾಯಿತು. ಯಾರೋ ಚಹಾ ತರಿಸಿದರು. ಮಧ್ಯಾಹ್ನದ ಹೊತ್ತಿಗೆ ಊರಿನ ಹೊಲಗಳಲ್ಲೆಲ್ಲ ಕೆಂಪು ಬಿಳಿ ಗೂಟಗಳು ನಿಂತವು. ಮೊಬೈಲು ಒತ್ತುವ ಕೆಲಸವನ್ನು ಮರುದಿನಕ್ಕೆ ಇಟ್ಟುಕೊಂಡು ನಾನು ಕೋಣೆಗೆ ಹೋಗಿ ಕಾಲು ತೊಳೆದೆ.

ಮರುದಿನ ಬೆಳಿಗ್ಗೆ ಆಫೀಸಿನ ಮೆಟ್ಟಿಲ ತುಂಬ ಗೂಟಗಳ ರಾಶಿ. ಒಲೆಗೆ ಕಟ್ಟಿಗೆ ಪೇರಿಸಿದ ಹಾಗೆ ನೀಟಾಗಿ ಪೇರಿಸಿದ್ದರು. ರಾಶಿಯ ಪಕ್ಕ ನೀಲಮ್ಮ ಕೂತಿದ್ದಳು.

“ತಗಾ ನಿನ್ನ ಕುರ್ಚಿ,” ಅಂದಳು. “ನಿನ್ನೆ ನಿಮ್ಮ ಸಾಹೇಬ ಏನಂದ?”

“ತೊಂದರೆ ಇಲ್ಲ ಅಂದರು.”

“ಅಲ್ಲ. ಸರಿಯಾಗಿ ನೆನಪು ಮಾಡ್ಕೊ. ತೊಂದರಿ ಅಂದನೋ, ತೊಂದರ ಅಂದನೋ?”

ಬೇರೆ ಜಿಲ್ಲೆಯವರಿಗೆ ಇದು ತಮಾಷೆ ಅನ್ನಿಸಬಹುದು. ನಮ್ಮ ಕಡೆ ತೊಂದರೆಗೆ ತೊಂದರಿ ಅನ್ನುತ್ತೇವೆ. ತೆಲುಗಿನಲ್ಲಿ ತೊಂದರ ಅಂದರೆ ಅವಸರ. ಗಡಿಯಲ್ಲಿ ಬೆಳೆದ ಪ್ರತಿ ಮಗುವಿಗೂ ಇದು ಗೊತ್ತು. ಆದರೂ ನಿನ್ನೆ ಬೇವಿನ ಮರದ ಕೆಳಗೆ ಕೂತ ಎಲ್ಲರೂ ತಮಗೆ ಬೇಕಾದ ಅರ್ಥವನ್ನೇ ಕೇಳಿಸಿಕೊಂಡಿದ್ದರು. ನಾನೂ ಅವರಲ್ಲಿ ಒಬ್ಬಳು.

“ನಮ್ಮವ್ವನ ತವರು ಆಂಧ್ರದ ಆಲೂರು ಕಡೆ. ತೆಲುಗು ನನಗ ಹಾಲಿನ ಜೊತಿಗೆ ಬಂದೈತಿ,” ಅಂದಳು ನೀಲಮ್ಮ. “ಹೊಲ ಹೋಗ್ತಾವೇನು ಅಂತ ಕೇಳಿದೆ. ತೊಂದರ ಇಲ್ಲ ಅಂದ. ಅಂದ್ರ ಹೋಗ್ತಾವ, ಅವಸರ ಏನಿಲ್ಲ ಅಂತ. ಸಂಜಿಕ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ತಾವ ಕಿತ್ತು ತಂದು ಹಾಕ್ಯಾರ.”

ಅವರ ಕನ್ನಡವೇ ಹಾಗೆ, ತೊಂದರೆ ಅನ್ನಲು ಹೋಗಿ ತೊಂದರ ಅಂದಿದ್ದಾರೆ ಅಂತ ಎಷ್ಟೋ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನನ್ನ ಮಾತಿನ ಮೇಲೆ ನಂಬಿಕೆ ಹೋಯಿತು. ಸಂಜೆ ರಮಣಯ್ಯನವರನ್ನು ನೇರವಾಗಿ ಕೇಳಿಬಿಟ್ಟೆ. “ಪ್ರಾಬ್ಲಂ ಇಲ್ಲ ಅಂತ ಹೇಳಿದ್ದು, ಮತ್ತೇನು? ಇಂಥ ಚಿಲ್ಲರೆ ಮಾತಿಗೆ ಗೂಟ ಕೀಳುತ್ತಾರಾ?” ಅಂತ ರೇಗಿದರು. ಅಷ್ಟರಲ್ಲಿ ಅವರಿಗೆ ಫೋನು ಬಂತು. ಕಿಟಕಿಯ ಕಡೆ ತಿರುಗಿ, ದನಿ ತಗ್ಗಿಸಿ, “ತೊಂದರ ಲೇದಂಡಿ, ಪಂಟ ಅಯಿಪೋನಿವ್ವಂಡಿ,” ಅಂದರು. ಅವಸರವಿಲ್ಲ, ಬೆಳೆ ಮುಗಿಯಲಿ ಅಂತ ಅದರ ಅರ್ಥ. ಲಾರಿಯವನಿಗೆ ಹೇಳಿದ್ದಿರಬಹುದು, ಗೋದಾಮಿನವನಿಗೆ ಹೇಳಿದ್ದಿರಬಹುದು. ನೂರು ಸಾಚಾ ಕಾರಣಗಳಿರಬಹುದು. ಆದರೆ ದನಿ ತಗ್ಗಿಸಿದ್ದು ಯಾಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅವರು ಫೋನು ಇಟ್ಟವರೇ, “ನೀನು ಏನಾದರೂ ಕೇಳಿಸಿಕೊಂಡೆಯಾ?” ಅಂತ ಕೇಳಿದರು.

ಭಾನುವಾರ ಬಳ್ಳಾರಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪನಿಗೆ ನನ್ನ ಅನುಮಾನದ ಮೇಲೂ ಅನುಮಾನ. “ಯಾರ ಹೊಲ ಎಲ್ಲೈತಿ ಅಂತ ತಿಳ್ಕೊಳ್ಳಾಕ ಪಹಣಿ ತೆಗಿಸಿದ್ರ ಸಾಕು. ಅದಕ್ಕ ಹಕ್ಕಿ ಯಾಕ ಬೇಕು?” ಅಂದ. ಸರಿಯೇ ಅನ್ನಿಸಿತು. ಕನ್ನಡಕ ಒರೆಸಿಕೊಂಡು ಅವನೇ ಮುಂದುವರಿಸಿದ. “ಆದ್ರ ಪಹಣಿ ತಗಿಯಾಕ ಕಚೇರಿಗೆ ಹೋಗಬೇಕು, ನಾಕು ಜನಕ್ಕ ಗೊತ್ತಾಗ್ತೈತಿ. ಇದು ಸದ್ದಿಲ್ಲದ ಕೆಲಸ. ಹೊಲ, ಮಾಲೀಕ, ನೀರು, ಫೋನ್ ನಂಬರು, ಎಲ್ಲಾ ಒಂದ ಕಡೆ.” ಆಮೇಲೆ ಅಂಗಡಿಯಲ್ಲಿ ಯಾವಾಗಲೂ ಹೇಳುತ್ತಿದ್ದ ಮಾತು ಹೇಳಿದ. “ತಕ್ಕಡಿ ಕಳ್ಳ ಹೌದೋ ಅಲ್ಲೋ ನೋಡಾಕ ಸುಳ್ಳು ತೂಕ ಹಾಕಬೇಕು. ಸುಳ್ಳು ಎಷ್ಟು ಅಂತ ನಿನಗಷ್ಟ ಗೊತ್ತಿರಬೇಕು.”

ಮರುದಿನ ಕಾಲುವೆಯ ದಂಡೆಯ ಮೇಲೆ ಕೂತು ಫೋನಿನ ಮಾತನ್ನೂ ಅಪ್ಪನ ಮಾತನ್ನೂ ನೀಲಮ್ಮನಿಗೆ ಹೇಳಿದೆ. ಅವಳು ಹುಲ್ಲು ಕೀಳುತ್ತ ಕೇಳಿಸಿಕೊಂಡಳು. ಆಮೇಲೆ ಹುಲ್ಲನ್ನು ಎಸೆದು ಎದ್ದು, ಮೊದಲ ಸಲ ನಕ್ಕಳು.

“ನಿಮ್ಮಪ್ಪ ಶ್ಯಾಣ್ಯಾ ಅದಾನವ್ವ. ಗೂಟ ಕೊಡು, ಹುಗಿತೀವಿ.”

ಮತ್ತೆ ಊರ ತುಂಬ ಗೂಟಗಳು ಎದ್ದವು. ಆದರೆ ಇವನ ನಂಬರು ಅವನ ಹೊಲದಲ್ಲಿ, ಅವನ ನಂಬರು ಮತ್ತೊಬ್ಬನ ಹೊಲದಲ್ಲಿ. ನೀಲಮ್ಮನ ರಸ್ತೆ ಹೊಲದಲ್ಲಿ ಗುಡ್ಡದ ಮಗ್ಗುಲಿನ ಯಾರದೋ ಕಲ್ಲು ತುಂಬಿದ ಮರಡಿ ಹೊಲದ ಗೂಟ ನಿಂತಿತ್ತು. ನೀಲಮ್ಮನ ರಸ್ತೆ ಹೊಲದ ನಂಬರಿನ ಗೂಟವನ್ನು ಅವಳೇ ಹೆಗಲ ಮೇಲಿಟ್ಟುಕೊಂಡು ಹೋಗಿ, ಕಾಲುವೆಯ ಆಚೆ, ಕಾರ್ಖಾನೆ ಬಾರದ ಆ ಕಾಂಪೌಂಡಿನ ಒಳಗೆ ಜಾಲಿಯ ನಡುವೆ ಹುಗಿದು ಬಂದಳು. ನಾನು ಮೊಬೈಲು ಹಿಡಿದು ಒಂದೊಂದೇ ಗೂಟದ ಮುಂದೆ ನಿಂತು ಒತ್ತುತ್ತ ಹೋದೆ. ಜಾಲಿಯ ಮುಳ್ಳಿಗೆ ದುಪಟ್ಟಾ ಹರಿಯಿತು. ಗೂಟ ಎಲ್ಲಿದೆಯೋ ಅಲ್ಲಿ ಒತ್ತುವುದು ನನಗೆ ಕೊಟ್ಟ ಕೆಲಸ, ಅದನ್ನು ಚಾಚೂ ತಪ್ಪದೆ ಮಾಡಿದೆ. ಕಂಪನಿಯ ನಕ್ಷೆಯಲ್ಲಿ ಇಡೀ ಊರಿನ ಹೊಲಗಳು ಅದಲುಬದಲಾದವು. ಹೆದರಿಕೆ ಇತ್ತು, ಸುಳ್ಳು ಹೇಳಬಾರದು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಆದರೆ ಅದಕ್ಕಿಂತ ಜಾಸ್ತಿ ಇದ್ದದ್ದು ಖುಷಿ.

ಹಕ್ಕಿಗಳು ಬಂದವು. ಅವಕ್ಕೆ ಯಾವ ನಂಬರು ಎಲ್ಲಿದ್ದರೇನು? ಚಿತ್ತಿ ಮಳೆ ಮುಗಿದು ಬಿಸಿಲು ಕಾಯತೊಡಗಿದಾಗ ಪ್ರತಿ ಗೂಟದ ಮೇಲೂ ಒಂದು ಕಾಜಾಣ. ಕೂತಲ್ಲಿಂದ ಜಿಗಿದು ಹುಳ ಹಿಡಿದು ಮತ್ತೆ ಅದೇ ಗೂಟಕ್ಕೆ ಬಂದು ಕೂತುಕೊಳ್ಳುವುದು. ಕಾಯಿ ಕೊರೆಯುವ ಹುಳ ಆ ವರ್ಷ ನಿಜಕ್ಕೂ ಕಡಿಮೆಯಾಯಿತು, ಔಷಧಿಯೂ ಕಡಿಮೆ ಹೊಡೆದರು. ಎಲೆ ಮುರುಟುವ ರೋಗಕ್ಕೆ ಮಾತ್ರ ಹಕ್ಕಿಗಳಿಂದ ಏನೂ ಆಗಲಿಲ್ಲ. ಬದುವಿನ ಮೇಲೆ ಕೂತು ನೀಲಮ್ಮ ಅವನ್ನು ಗಂಟೆಗಟ್ಟಲೆ ನೋಡುತ್ತಿದ್ದಳು. “ಕತ್ತರಿಬಾಲದವು ಬಾಳ ಪ್ರಾಮಾಣಿಕ. ತಿಂದಷ್ಟ ತಿಂದು ಹೋಗ್ತಾವ, ಹೊಲ ಕೇಳಂಗಿಲ್ಲ,” ಅನ್ನುತ್ತಿದ್ದಳು. ಇದೇ ನನಗೆ ಹೊಟ್ಟೆ ಉರಿಸುತ್ತಿದ್ದ ಸಂಗತಿ. ಉಪಾಯ ಒಳ್ಳೆಯದೇ ಆಗಿತ್ತು. ಸುಮ್ಮನೆ ಹಕ್ಕಿಯ ಪಾಡಿಗೆ ಹಕ್ಕಿಯನ್ನು ಬಿಟ್ಟಿದ್ದರೆ ಸಾಕಾಗಿತ್ತು.

ಚಳಿಗಾಲದಲ್ಲಿ ಬೈಯರ್ ಕಡೆಯಿಂದ ಒಬ್ಬ ಹೆಂಗಸು ಕ್ಯಾಮೆರಾ ತೂಗುಹಾಕಿಕೊಂಡು ಬಂದಳು. ಆ ಹೊತ್ತಿಗೆ ಮೆಣಸಿನ ಗಿಡ ಹಣ್ಣಾಗಿ ಎಲೆ ಉದುರಿಸುತ್ತಿತ್ತು. ರಸ್ತೆಯ ಹೊಲಗಳ ಮೇಲೆ ಲಾರಿಗಳು ಎಬ್ಬಿಸಿದ ಕೆಂಪು ಧೂಳು. ಅವಳಿಗೆ ಒಂದು ಗೂಟವೂ ಒಪ್ಪಿಗೆಯಾಗಲಿಲ್ಲ. ಹಿಂದೆ ಹಸಿರು ಬೇಕಂತೆ. ಹುಡುಕುತ್ತ ಹುಡುಕುತ್ತ ಕಾಲುವೆ ದಾಟಿದಳು. ಬಿದ್ದ ಗೋಡೆಯ ಸಂದಿಯಿಂದ ನೋಡಿದರೆ, ವರ್ಷವಿಡೀ ಬಾಡದ ಜಾಲಿಯ ನಡುವೆ ಕೆಂಪು ಬಿಳಿ ಗೂಟ, ಗೂಟದ ಮೇಲೆ ರಾಜನ ಹಾಗೆ ಕಾಜಾಣ. “ಎಷ್ಟು ನ್ಯಾಚುರಲ್!” ಅಂತ ಅವಳು ಕೂಗಿಕೊಂಡಳು. ರಮಣಯ್ಯ ಗೋಡೆಯನ್ನೂ ಜಾಲಿಯನ್ನೂ ನೋಡಿ, “ಇದು ಯಾರ ಹೊಲ?” ಅಂದರು.

“ನಮ್ಮದ್ರೀ ಸಾಹೇಬ್ರ,” ಅಂತ ಹಿಂದಿನಿಂದ ನೀಲಮ್ಮ. “ನಂಬರ್ ನೋಡ್ರಿ.”

ಅವರು ನಂಬರು ನೋಡಿದರು, ಮೊಬೈಲು ನೋಡಿದರು. ನೀಲಮ್ಮ, ರಸ್ತೆ ಹೊಲ, ಮೆಣಸಿನಕಾಯಿ ಅಂತ ಮೊಬೈಲು ತೋರಿಸಿತು. ಎದುರಿಗೆ ರಸ್ತೆ ಇರಲಿಲ್ಲ, ಒಂದು ಮೆಣಸಿನ ಗಿಡವೂ ಇರಲಿಲ್ಲ. “ಕರೆಕ್ಟ್,” ಅಂತ ತಲೆಯಾಡಿಸಿ ಮುಂದೆ ನಡೆದರು. ಮೆಣಸಿನಕಾಯಿಯ ಕಂಪನಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ಕಣ್ಣೆದುರಿನ ಜಾಲಿಯನ್ನು ಬಿಟ್ಟು ಅಂಗೈಯ ಗಾಜನ್ನು ನಂಬಿದ್ದು ನೋಡಿ ನಗು ಬರಬೇಕಿತ್ತು. ನನಗೆ ಬಂದದ್ದು ಭಯ.

ಬೆಳೆ ಮುಗಿಯಿತು. ಹೇಳಿದ ರೇಟನ್ನು ಕಂಪನಿ ಕೊಟ್ಟಿತು, ಅದರಲ್ಲಿ ಮೋಸ ಮಾಡಲಿಲ್ಲ. ಹಾಗಾಗಿ ನನಗೆ ನಾಚಿಕೆಯಾಗತೊಡಗಿತು. ಒಳ್ಳೆಯ ಜನರ ಮೇಲೆ ಇಲ್ಲದ ಅನುಮಾನ ಪಟ್ಟೆನೇನೋ, ಊರನ್ನೆಲ್ಲ ಕಟ್ಟಿಕೊಂಡು ಆಟ ಆಡಿದೆನೇನೋ ಅನ್ನಿಸಿ, ಶಿವರಾತ್ರಿಗೆ ಮುಂಚೆ ನೀಲಮ್ಮನಿಗೆ ಹಾಗಂತ ಹೇಳಲೆಂದೇ ಹೋದೆ. ಅವಳು ಕಾಲುವೆಯ ದಂಡೆಯ ಮೇಲೆ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಬಿಳಿ ಕಾರು ಬಂತು.

ಕಾರು ಬಳ್ಳಾರಿ ರಸ್ತೆಯಿಂದಲೇ ಬಂದಿತ್ತು. ನೀಲಮ್ಮನ ರಸ್ತೆ ಹೊಲದ ಮುಂದೆಯೇ ಹಾದು, ಅಲ್ಲಿ ನಿಲ್ಲದೆ, ತಿರುವಿನಲ್ಲಿ ಕಾಲುವೆಯ ದಂಡೆಗಿಳಿದು, ಕುಂಟುತ್ತ ಕುಂಟುತ್ತ ನಮ್ಮನ್ನೂ ದಾಟಿ, ಆ ಕಾಂಪೌಂಡಿನ ಮುಂದೆ ನಿಂತಿತು. ಇಬ್ಬರು ಇಳಿದರು. ಇಬ್ಬರೂ ನಮ್ಮ ಕಂಪನಿಯವರಲ್ಲ, ನಾನು ಎಂದೂ ನೋಡದ ಮುಖಗಳು. ಒಬ್ಬ ಮೊಬೈಲು ನೋಡುತ್ತ ಗೋಡೆಯ ಸಂದಿಯಿಂದ ಒಳಗೆ ಹೋದ. ಬೂಟಿಗೆ ಮುಳ್ಳು ಚುಚ್ಚಿಸಿಕೊಂಡು ಹೊರಗೆ ಬಂದ. ಸುತ್ತ ನೋಡಿದ, ಮತ್ತೆ ಮೊಬೈಲು ನೋಡಿದ. ಕಡೆಗೆ ನಮ್ಮ ಹತ್ತಿರ ಬಂದು, “ಅಮ್ಮ, ನೀಲಮ್ಮನವರ ರಸ್ತೆ ಹೊಲ ಇದೇನಾ?” ಅಂತ ಕೇಳಿದ.

ಈ ಲೋಕದಲ್ಲಿ ಆ ಕಾಂಪೌಂಡಿಗೆ ನೀಲಮ್ಮನ ರಸ್ತೆ ಹೊಲ ಅನ್ನುವ ಹೆಸರಿದ್ದದ್ದು ಒಂದೇ ಕಡೆ, ನಮ್ಮ ಕಂಪನಿಯ ನಕ್ಷೆಯಲ್ಲಿ. ಅಪ್ಪ ಹೇಳಿದ ಸುಳ್ಳು ತೂಕ ನನ್ನ ಕಣ್ಣೆದುರಿಗೆ ಬೂಟು ಹಾಕಿಕೊಂಡು ನಿಂತಿತ್ತು.

“ಹೌದ್ರಿ, ಇದ,” ಅಂದಳು ನೀಲಮ್ಮ, ಎಮ್ಮೆಯ ಬೆನ್ನು ತಟ್ಟುತ್ತ.

“ರಸ್ತೆ ಎಲ್ಲಿದೆ ಹಾಗಾದರೆ?”

“ರಸ್ತಿ ಇನ್ನಾ ಬಂದಿಲ್ರಿ. ಬರ್ತೈತಂತ. ಯಾಕ್ರಿ, ಹೊಲ ತಗೊಂತೀರೇನು?”

“ಸುಮ್ಮನೆ ನೋಡಿಕೊಂಡು ಹೋಗಲು ಬಂದ್ವಿ,” ಅಂತ ಹೇಳಿ ಅವರು ಹೋದರು. ಧೂಳು ಕೂತ ಮೇಲೆ ನೀಲಮ್ಮ ನನ್ನ ಕೈ ಹಿಡಿದುಕೊಂಡಳು. ಅಲ್ಲಿಯವರೆಗೆ ಅವಳು ಹೆದರಿದ್ದನ್ನು ನಾನು ನೋಡಿರಲಿಲ್ಲ.

ರಮಣಯ್ಯನವರನ್ನು ಕೇಳಿದೆ. ನಕ್ಷೆ ಎಷ್ಟೋ ಕೈ ದಾಟುತ್ತದೆ, ತನಗೇನು ಗೊತ್ತು ಅಂದರು. ಆ ತಿಂಗಳೇ ಅವರಿಗೆ ಬೇರೆ ಊರಿಗೆ ವರ್ಗವಾಯಿತು, ಮುಂದಿನ ಹಂಗಾಮಿಗೆ ನನ್ನನ್ನು ಕರೆಯಲಿಲ್ಲ. ನಕ್ಷೆ ಮಾರಿದವರು ಅವರೋ, ಕಂಪನಿಯೋ, ಮೊಬೈಲಿನ ಆ ಯಂತ್ರ ಮಾಡಿಕೊಟ್ಟವರೋ ಇವತ್ತಿಗೂ ನನಗೆ ತಿಳಿಯದು. ಅಪ್ಪನಿಗೆ ಹೇಳಿದಾಗ ಅವನು ಗೆದ್ದವನ ಹಾಗೆ ನಗಲಿಲ್ಲ. “ಕಳ್ಳ ತಕ್ಕಡಿ ಅಂತ ಗೊತ್ತಾತು. ಆದ್ರ ತೂಗೋದು ಅವರ ಕೈಯಾಗ ಐತೆಲ್ಲ,” ಅಂದ.

ಆ ಪೊಟ್ಟಣವನ್ನು ದುಬಾರಿ ಬೆಲೆ ಕೊಟ್ಟು ಮನೆಗೆ ತಂದೆ. ಕನ್ನಡಕ ಹಾಕಿಕೊಂಡು ನೋಡಿದರೆ ಹಸಿರಿನ ನಡುವೆ ಸಣ್ಣಗೆ ಮುಳ್ಳೂ ಕಾಣುತ್ತದೆ. ಗೂಟದ ಮೇಲಿನ ನಂಬರನ್ನು ಅಳಿಸಿದ್ದಾರೆ. ಬಹಳ ದಿನಗಳ ಮೇಲೆ ನೀಲಮ್ಮನಿಗೆ ಫೋನು ಮಾಡಿ ಹೇಳಿದೆ, ನಿನ್ನ ಭಾವನ ಹೊಲ ಪೇಟೆಯಲ್ಲಿ ಖಾರದ ಪುಡಿಯಾಗಿ ಮಾರಾಟವಾಗುತ್ತಿದೆ ಅಂತ. ಅವಳು ಕೆಮ್ಮು ಬರುವವರೆಗೆ ನಕ್ಕಳು. ಜಾಲಿಯೊಳಗಿನ ಆ ಗೂಟ ಇನ್ನೂ ನಿಂತಿದೆಯಂತೆ, ಹಕ್ಕಿಯೂ ಬರುತ್ತದಂತೆ.

“ಮತ್ತೆ ರಸ್ತೆ ಹೊಲ?” ಅಂತ ಕೇಳಿದೆ.

ಆ ಕಡೆ ಲಾರಿಯೊಂದು ಹಾದುಹೋದ ಸದ್ದು ಕೇಳಿಸಿತು.

“ಐತವ್ವ. ಹೋದ ತಿಂಗಳ ಆ ಬಿಳಿ ಕಾರಿನವರು ಮತ್ತ ಬಂದಿದ್ರು. ಈ ಸಲ ಸರಿಯಾದ ಹೊಲದಾಗ ಇಳದ್ರು. ಏನೂ ಕೇಳಲಿಲ್ಲ, ನಿಂತು ನೋಡಿ ಹೋದ್ರು.” ಆಮೇಲೆ, ನನಗೆ ಸರಿಯಾಗಿ ಕೇಳಿಸಲಿ ಅಂತ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

“ತೊಂದರ ಇಲ್ಲ.”